ಕಿರುಹೂವಿನ ಚಿತ್ರಣ ಮತ್ತು ಅಪ್ರಮಾದ

ಹೂವನ್ನು ಕೀಳುವುದು ಹಿಂಸೆಯೆಂದು ಬಲ್ಲವರು ಹೂವಿನ ಚಿತ್ರ ತೆಗೆಯುವುದನ್ನು ನಿರ್ದೋಷವಾದ ಕಾರ್ಯವೆಂದು ಸಹಜವಾಗಿಯೇ ಭಾವಿಸುತ್ತಾರೆ. ಕೀಳುವವನು ಹೂವನ್ನೇ ಒಯ್ಯುತ್ತಾನೆ. ಚಿತ್ರ ತೆಗೆಯುವವನು ಅದರಿಂದ ಹೊಮ್ಮಿದ ಬೆಳಕನ್ನಷ್ಟೇ ಒಯ್ಯುತ್ತಾನೆ. ಮೇಲ್ನೋಟಕ್ಕೆ ಈ ಮಾತು ಸರಿಯಾದುದು. ಆದರೆ ಜೈನಾಚಾರ್ಯರು ಒಂದು ಕ್ರಿಯೆಯನ್ನು ತೂಗುವಾಗ ಅದರ ಹೆಸರನ್ನು ನೋಡಿ ತೃಪ್ತರಾದವರಲ್ಲ. ಕರ್ತೃವಿನ ಮನ, ವಚನ, ಕಾಯಗಳ ಎಚ್ಚರವನ್ನು ನೋಡಿದವರು. ಆ ದೃಷ್ಟಿಯಿಂದ ಈ ಹವ್ಯಾಸವನ್ನು ಪರೀಕ್ಷಿಸುವುದು ಉಚಿತ.

ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿ ವಸಂತವು ಶೀತದೇಶಗಳಲ್ಲಿರುವಂತೆ ಹಿಮ ಕರಗಿದ ನೆಲದಿಂದ ಮೇಲೇಳುವುದಿಲ್ಲ. ಫಾಲ್ಗುಣ, ಚೈತ್ರಗಳಲ್ಲಿ ಇಲ್ಲಿಯ ನೆಲ ಒಣಗಿರುತ್ತದೆ. ವಸಂತ ಮೊದಲು ಮರಗಳಲ್ಲಿ ಕಾಣಿಸುತ್ತದೆ. ದೊಡ್ಡಬಳ್ಳಾಪುರ, ದೇವನಹಳ್ಳಿಗಳ ಹೊಲದ ಬದುಗಳಲ್ಲಿ ಹೊಂಗೆಯೂ ಬೇವೂ ಹೂಬಿಡುತ್ತವೆ. ಮಾಕಳಿದುರ್ಗದ ತಪ್ಪಲಿನಲ್ಲಿ, ಶಿವಗಂಗೆಯ ಬಂಡೆಗಳ ಸಂದಿನಲ್ಲಿ, ಕೆರೆಯ ಏರಿಗಳ ಮೇಲೆ ತೇವ ಉಳಿದೆಡೆ ತುಂಬೆ, ವಿಷ್ಣುಕ್ರಾಂತಿಗಳಂತಹ ಕಿರುಗಿಡಗಳು ಕಾಣಸಿಗುತ್ತವೆ. ವಿಷ್ಣುಕ್ರಾಂತಿಯ ನೀಲಿ ಹೂವು ಒಂದು ಸೆಂಟಿಮೀಟರಿನಷ್ಟೂ ಅಗಲವಿಲ್ಲ. ಬೆಳಿಗ್ಗೆ ಅರಳಿ ಮಧ್ಯಾಹ್ನದ ಹೊತ್ತಿಗೆ ಮುದುಡುತ್ತದೆ. ಬೇವಿನ ಹೂವೂ ಹೆಚ್ಚುಕಡಿಮೆ ಅಷ್ಟೇ ಗಾತ್ರದ್ದು. ಅದರ ಐದು ಬಿಳಿಯ ದಳಗಳ ನಡುವೆ ಹತ್ತು ಕೇಸರಗಳು ಕೂಡಿ ಕೊಳವೆಯಾಗಿರುವುದನ್ನು ಬರಿಗಣ್ಣಿನಿಂದ ಗುರುತಿಸುವವರು ವಿರಳ. ಮ್ಯಾಕ್ರೋ ಲೆನ್ಸ್ ಅದನ್ನು ತೋರಿಸಿಕೊಡುತ್ತದೆ.

ನಿಸರ್ಗ ಛಾಯಾಗ್ರಹಣ ಈ ಪ್ರದೇಶಕ್ಕೆ ಹೊಸತಲ್ಲ. ಒ. ಸಿ. ಎಡ್ವರ್ಡ್ಸ್ ಅವರ ಮಾರ್ಗದರ್ಶನದಲ್ಲಿ ಬೆಳೆದ ಟಿ. ಎನ್. ಎ. ಪೆರುಮಾಳ್ (1932–2017), ಹಾಗೆಯೇ ಇ. ಹನುಮಂತರಾವ್ ಮೊದಲಾದವರು ಬೆಂಗಳೂರಿಗೆ ಈ ಕಲೆಯಲ್ಲಿ ಹೆಸರು ತಂದರು. ಆದರೆ ಅಂದು ಸೀಮಿತವಾಗಿದ್ದ ಈ ಕಲೆ ಇಂದು ಕೈಗೊಂದು ಮೊಬೈಲ್ ಬಂದ ಮೇಲೆ ಸರ್ವರದಾಗಿದೆ. ಆದುದರಿಂದ ಇದರ ನೀತಿಯ ಪ್ರಶ್ನೆಯೂ ಸರ್ವರದಾಗಿದೆ.

ಸಮೀಪಚಿತ್ರಣದ ಸ್ವರೂಪದಲ್ಲಿಯೇ ಒಂದು ಕಠಿನತೆಯುಂಟು. ವಸ್ತುವನ್ನು ನಿಜಗಾತ್ರದಲ್ಲಿ ಸೆರೆಹಿಡಿಯುವಾಗ ಸ್ಪಷ್ಟವಾಗಿ ಮೂಡುವ ಆಳ ಬಹು ಕಿರಿದು. ಅನೇಕ ವೇಳೆ ಒಂದೆರಡು ಮಿಲಿಮೀಟರುಗಳಷ್ಟೆ. ಸಣ್ಣ ಗಾಳಿ ಬೀಸಿದರೂ ಚಿತ್ರ ಕೆಡುತ್ತದೆ. ಹೂವು ನೆಲದ ಮೇಲಿದ್ದರೆ ತೆಗೆಯುವವನೂ ನೆಲಕ್ಕೆ ಒರಗಬೇಕು. ಇಲ್ಲಿ ಅನುಕೂಲದ ಆಸೆ ತಲೆಯೆತ್ತುತ್ತದೆ. ಹಿನ್ನೆಲೆಗೆ ಅಡ್ಡವಾದ ಹುಲ್ಲನ್ನು ಕಿತ್ತೆಸೆಯುವುದು, ಅಲುಗುವ ಕಾಂಡವನ್ನು ಬಿಗಿಯುವುದು, ಕೊಂಬೆಯನ್ನು ಬಗ್ಗಿಸಿ ಮುರಿಯುವುದು, ಮಿಸುಕದಿರಲೆಂದು ಕೀಟವನ್ನು ತಣ್ಣಗಾಗಿಸಿ ಹೂವಿನ ಮೇಲಿರಿಸುವುದು, ಇವೆಲ್ಲ ಈ ಹವ್ಯಾಸದಲ್ಲಿ ಕಂಡುಬಂದಿರುವ ದೋಷಗಳು. ಚಿತ್ರದಲ್ಲಿ ಹೂವು ಅಕ್ಷತವಾಗಿ ನಗುತ್ತಿರುತ್ತದೆ. ಅದರ ನೆರೆಯವರಿಗೆ ಆದುದು ಚೌಕಟ್ಟಿನ ಹೊರಗೆ ಉಳಿಯುತ್ತದೆ.

ಜೈನದರ್ಶನದಲ್ಲಿ ವನಸ್ಪತಿ ಏಕೇಂದ್ರಿಯ ಜೀವ. ಸ್ಪರ್ಶನೇಂದ್ರಿಯ, ಕಾಯಬಲ, ಶ್ವಾಸೋಚ್ಛ್ವಾಸ, ಆಯು ಎಂಬ ನಾಲ್ಕು ಪ್ರಾಣಗಳು ಅದಕ್ಕುಂಟು. ಹೂವಿಗಿರುವ ಪ್ರಾಣಗಳೇ ಪಕ್ಕದ ಹುಲ್ಲಿಗೂ ಇವೆ. ಸೌಂದರ್ಯವು ಜೀವಗಳ ನಡುವೆ ತಾರತಮ್ಯಕ್ಕೆ ಆಧಾರವಾಗಲಾರದು. ನಿಸರ್ಗ ಛಾಯಾಗ್ರಾಹಕರ ಆಧುನಿಕ ನಿಯಮಾವಳಿಗಳು ಚಿತ್ರಕ್ಕಿಂತ ಚಿತ್ರಿತ ಜೀವಿಯ ಕ್ಷೇಮ ದೊಡ್ಡದೆಂದು ಸಾರುತ್ತವೆ. ಅದು ಸ್ತುತ್ಯವಾದ ಮಾತು. ಶ್ರಾವಕಧರ್ಮ ಅಲ್ಲಿಗೆ ನಿಲ್ಲದೆ, ಚಿತ್ರಕ್ಕೆ ಸೇರದ ಜೀವಗಳ ಕ್ಷೇಮವನ್ನೂ ಕೇಳುತ್ತದೆ.

ಆದರೆ ಹುಲ್ಲನ್ನು ದನಕರುಗಳು ದಿನವೂ ಮೇಯುತ್ತವೆ, ರೈತನ ನೇಗಿಲು ಸಾವಿರಾರು ಗಿಡಗಳನ್ನು ಮಗುಚುತ್ತದೆ. ಛಾಯಾಗ್ರಾಹಕನ ನಾಲ್ಕು ಎಸಳು ಹುಲ್ಲಿನ ಲೆಕ್ಕವೇಕೆ ಎಂಬ ಆಕ್ಷೇಪ ಬರಬಹುದು. ಗೃಹಸ್ಥನಿಗೆ ಆರಂಭೀ, ಉದ್ಯೋಗೀ ಹಿಂಸೆಗಳು ಪೂರ್ಣವಾಗಿ ತಪ್ಪುವಂಥವಲ್ಲವೆಂದು ಶಾಸ್ತ್ರ ಒಪ್ಪುತ್ತದೆ. ಅಡುಗೆಗೂ ಬೇಸಾಯಕ್ಕೂ ಒಂದು ಅನಿವಾರ್ಯತೆಯಿದೆ. ಚಿತ್ರದ ಹಿನ್ನೆಲೆ ಅಚ್ಚುಕಟ್ಟಾಗಲೆಂದು ಹುಲ್ಲು ಕೀಳುವುದಕ್ಕೆ ಯಾವ ಅನಿವಾರ್ಯತೆಯಿದೆ? ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ನಿಷ್ಪ್ರಯೋಜಕವಾದ ವನಸ್ಪತಿಛೇದನವನ್ನು ಪ್ರಮಾದಚರ್ಯೆಯೆಂದು ಎಣಿಸಿ, ಅನರ್ಥದಂಡದಲ್ಲಿ ಸೇರಿಸಿದ್ದಾರೆ. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರವೂ ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಮಾದವನ್ನೇ ಮುಂದಿಡುತ್ತದೆ. ಹುಲ್ಲಿನ ಎಣಿಕೆ ಸಣ್ಣದಿರಬಹುದು. ಅದನ್ನು ಕಿತ್ತ ಮನಸ್ಸಿನ ಅಲಕ್ಷ್ಯ ಸಣ್ಣದಲ್ಲ.

ಅದೇ ಗ್ರಂಥದಲ್ಲಿ ಸಮಂತಭದ್ರರು ಬೇವಿನ ಹೂವನ್ನೂ ಕೇದಗೆಯನ್ನೂ ತ್ಯಾಜ್ಯಗಳ ಸಾಲಿನಲ್ಲಿ ಹೇಳುತ್ತಾರೆ. ಇಂಥವುಗಳಿಂದ ದೊರೆಯುವ ಪ್ರಯೋಜನ ಸ್ವಲ್ಪ, ಆಗುವ ಘಾತ ಅಧಿಕ ಎಂಬುದು ಅವರ ಕಾರಣ. ಬೇವಿನ ಗೊಂಚಲನ್ನು ಲೆನ್ಸಿನ ಮೂಲಕ ನಿಧಾನವಾಗಿ ನೋಡಿದವನಿಗೆ ಈ ಮಾತಿನ ಅರ್ಥ ಬೇಗ ತಿಳಿಯುತ್ತದೆ: ಬರಿಗಣ್ಣಿಗೆ ಧೂಳಿನಂತೆ ತೋರಿದ್ದು ಎಷ್ಟೋ ವೇಳೆ ಚಲಿಸುವ ಕೀಟವಾಗಿರುತ್ತದೆ. ಹೀಗೆ ಛಾಯಾಗ್ರಹಣ ಸಮ್ಯಗ್ಜ್ಞಾನಕ್ಕೆ ಸಹಾಯಕವಾಗಬಲ್ಲುದು. ಕಾಣದ ಜೀವಕ್ಕೆ ದಯೆ ತೋರುವುದು ಕಷ್ಟ. ಕಂಡ ಮೇಲೆ ತೋರದಿರುವುದು ಇನ್ನೂ ಕಷ್ಟ.

ಉಪಕರಣದ ವಿಷಯವನ್ನೂ ಮರೆಯಬಾರದು. ಫಿಲ್ಮಿನ ಕಾಲದಲ್ಲಿ ಬೆಳಕನ್ನು ಗ್ರಹಿಸುವ ಬೆಳ್ಳಿಯ ಲವಣಗಳನ್ನು ಹಿಡಿದಿಡುತ್ತಿದ್ದುದು ಜೆಲಟಿನ್. ಅದು ಪ್ರಾಣಿಗಳ ಚರ್ಮ, ಮೂಳೆಗಳಿಂದ ತಯಾರಾದುದು. ಅತ್ಯಂತ ಎಚ್ಚರದಿಂದ ತೆಗೆದ ಹೂವಿನ ಚಿತ್ರವೂ ಅಂದು ಒಂದು ಪಂಚೇಂದ್ರಿಯ ಜೀವದ ಅವಶೇಷದ ಮೇಲೆಯೇ ಮೂಡುತ್ತಿತ್ತು. ಡಿಜಿಟಲ್ ಕ್ಯಾಮೆರಾ ಆ ದೋಷವನ್ನು ನಿವಾರಿಸಿತು. ಜೊತೆಗೆ 36 ಚಿತ್ರಗಳ ಸುರುಳಿಯ ಮಿತಿಯನ್ನೂ ತೆಗೆದುಹಾಕಿತು. ಒಂದು ಹೂವಿಗೆ ನೂರು ಚಿತ್ರ, ಆ ನೂರಕ್ಕಾಗಿ ನೂರು ಹೆಜ್ಜೆ. ಸಂಗ್ರಹದ ಬಯಕೆಗೆ ಮಿತಿಯಿಲ್ಲವಾದಾಗ ಪರಿಗ್ರಹಪರಿಮಾಣವನ್ನು ಮನುಷ್ಯನೇ ಹಾಕಿಕೊಳ್ಳಬೇಕಾಗುತ್ತದೆ.

ಹಾಗಾದರೆ ಈ ಹವ್ಯಾಸ ತ್ಯಾಜ್ಯವೇ? ಅಲ್ಲ. ಮುನಿಗಳಿಗೆ ವಿಹಿತವಾದ ಸಮಿತಿಗಳಲ್ಲಿಯೇ ಗೃಹಸ್ಥ ಛಾಯಾಗ್ರಾಹಕನಿಗೂ ಪಾಠವಿದೆ. ನಾಲ್ಕು ಮೊಳ ಮುಂದಿನ ನೆಲವನ್ನು ನೋಡಿ ನಡೆಯುವುದು ಈರ್ಯಾಸಮಿತಿ. ವಸ್ತುವನ್ನು ನೋಡಿ ಎತ್ತಿ, ನೋಡಿ ಇಡುವುದು ಆದಾನನಿಕ್ಷೇಪಣ ಸಮಿತಿ. ಟ್ರೈಪಾಡಿನ ಮೂರು ಕಾಲು ಊರುವ ಮೊದಲು ಆ ಮೂರು ಜಾಗಗಳನ್ನು ನೋಡುವುದು, ಮಂಡಿಯೂರುವ ಮೊದಲು ನೆಲವನ್ನು ಪರಿಶೀಲಿಸುವುದು, ಅಡ್ಡ ಬಂದ ಹುಲ್ಲನ್ನು ಕೀಳದೆ ತಾನೇ ಬೇರೆ ಕೋನ ಹುಡುಕುವುದು, ಗಾಳಿ ನಿಲ್ಲುವವರೆಗೆ ಕಾಯುವುದು, ನಿಲ್ಲದಿದ್ದರೆ ಚಿತ್ರವಿಲ್ಲದೆ ಮರಳುವುದು, ಇಷ್ಟು ಸಾಕು.

ಶ್ರವಣಬೆಳಗೊಳದ ಸುಮಾರು 58 ಅಡಿಯ ಬಾಹುಬಲಿಯ ತೊಡೆ, ತೋಳುಗಳನ್ನು ಬಳ್ಳಿ ಬಳಸಿ ಏರಿದೆ. ಶಿಲ್ಪಿ ಅದನ್ನು ಅಲಂಕಾರಕ್ಕೆಂದು ಕೆತ್ತಿದವನಲ್ಲ. ವರ್ಷಕಾಲ ಅಲುಗದೆ ನಿಂತ ಯೋಗಿಯನ್ನು ಬಳ್ಳಿ ಆಶ್ರಯಿಸಿತೆಂಬ ಕಥೆಯನ್ನು ತಿಳಿಸಿದವನು. ಅಂಥ ಸ್ಥೈರ್ಯ ಗೃಹಸ್ಥನಿಗೆ ಅಳವಡದು. ಆದರೂ ಕೆರೆಯ ಏರಿಯ ಮೇಲೆ ಒಂದು ಬೆಳಗು ತನ್ನ ಬಯಕೆಯನ್ನು ತಡೆದು ಕುಳಿತವನಿಗೆ ಅದರ ಅಣುಮಾತ್ರ ಪರಿಚಯವಾದೀತು. ಅವನು ಎದ್ದು ಹೋದ ಮೇಲೆ ಆ ಜಾಗದಲ್ಲಿ ಹುಲ್ಲು ಮೊದಲಿನಂತೆಯೇ ನಿಂತಿದ್ದರೆ ಅವನ ವ್ರತಕ್ಕೆ ಅದೇ ಸಾಕ್ಷಿ.