ತಾಳತಕ್ಕದ್ದೂ ತಾಳಬಾರದ್ದೂ

ಮುಂಗೋಪಿಯಾದ ನೆರೆಯವನಿಲ್ಲದ ಬೀದಿಯೂ ಕಟುಮಾತಿನ ಮೇಲಾಳಿಲ್ಲದ ಕೆಲಸದ ಸ್ಥಳವೂ ಅಪರೂಪವೇ ಸರಿ. ಇಂಥವರ ಸಂಗಡ ನಾವು ನಡೆದುಕೊಳ್ಳತಕ್ಕ ರೀತಿ ಯಾವದು? ಹಿರಿಯರನ್ನು ಕೇಳಿದರೆ, ತಾಳಿದವನು ಬಾಳಿಯಾನು ಎಂದು ಒಬ್ಬರು ಹೇಳುವರು; ಬಗ್ಗಿದವನಿಗೆ ಗುದ್ದು ಹೆಚ್ಚು ಎಂದು ಮತ್ತೊಬ್ಬರು ಹೇಳುವರು. ಎರಡೂ ಅನುಭವದಿಂದ ಹುಟ್ಟಿದ ಗಾದೆಗಳೇ. ಆದಕಾರಣ ಯಾವದನ್ನು ತಾಳಬೇಕು, ಯಾವದನ್ನು ತಾಳಬಾರದು ಎಂಬದೇ ನಿಜವಾದ ಪ್ರಶ್ನೆ. ಅಮೇರಿಕ ದೇಶದ ಅಧ್ಯಕ್ಷನಾಗಿದ್ದ ಅಬ್ರಹಾಂ ಲಿಂಕನನ ನಡತೆಯಿಂದ ಇದಕ್ಕೆ ಬೆಳಕು ಸಿಕ್ಕುತ್ತದೆ.

1861ರಲ್ಲಿ ಆ ದೇಶದ ಉತ್ತರ ದಕ್ಷಿಣ ಸಂಸ್ಥಾನಗಳೊಳಗೆ ಯುದ್ಧ ಹುಟ್ಟಿದಾಗ, ಲಿಂಕನನು ಜಾರ್ಜ್ ಮೆಕ್ಲೆಲ್ಲನ್ ಎಂಬ ಯೌವನಸ್ಥನಿಗೆ ಸೇನಾಪತ್ಯವನ್ನು ಒಪ್ಪಿಸಿದನು. ಇವನು ಸೈನಿಕರನ್ನು ತರಬೇತು ಮಾಡುವದರಲ್ಲಿ ಜಾಣನು, ಆದರೆ ಗರ್ವಿಷ್ಠನು. ಆ ವರುಷದ ನವೆಂಬರ 13ನೇ ರಾತ್ರಿ ಅಧ್ಯಕ್ಷನು ತಾನೇ ಅವನ ಮನೆಗೆ ಹೋಗಿ ಸುಮಾರು ಒಂದು ತಾಸು ಕಾದನು. ಮದುವೆಗೆ ಹೋಗಿದ್ದ ಸೇನಾಪತಿಯು ತಿರಿಗಿ ಬಂದು, ಅಧ್ಯಕ್ಷನು ಕಾದಿದ್ದಾನೆಂದು ಆಳು ಹೇಳಿದಾಗ್ಯೂ, ನೆಟ್ಟಗೆ ಮಹಡಿ ಹತ್ತಿ ಮಲಗಿಕೊಂಡನು. ಸಂಗಡ ಬಂದಿದ್ದ ಕಾರ್ಯದರ್ಶಿಯು ಸಿಟ್ಟಾದನು. ಲಿಂಕನನಾದರೋ, ಇದು ಸ್ವಂತ ಮಾನಮರ್ಯಾದೆಗಳನ್ನು ಎಣಿಸುವ ಸಮಯವಲ್ಲವೆಂದು ಹೇಳಿ ಹೊರಟುಹೋದನು.

ಮುಂದಿನ ವರುಷ ನಡೆದದ್ದನ್ನು ನೋಡಿರಿ. 1862ರ ಸಪ್ಟೆಂಬರದಲ್ಲಿ ಆಂಟೀಟಮ್ ಹಳ್ಳದ ಬಳಿಯಲ್ಲಿ ಒಂದೇ ದಿವಸ ಎರಡೂ ಪಕ್ಷಗಳವರು ಕೂಡಿ 20,000ಕ್ಕಿಂತ ಹೆಚ್ಚು ಮಂದಿ ಸತ್ತರು, ಗಾಯಪಟ್ಟರು, ಇಲ್ಲವೆ ಕಾಣದೆ ಹೋದರು. ಶತ್ರುಸೈನ್ಯ ಹಿಂದೆಗೆದಾಗ ಮೆಕ್ಲೆಲ್ಲನನು ಬೆನ್ನಟ್ಟದೆ ವಾರಗಟ್ಟಳೆ ತಡಮಾಡಿದನು. ಲಿಂಕನನು ಪಾಳೆಯಕ್ಕೆ ಹೋಗಿ ಬುದ್ಧಿ ಹೇಳಿದನು, ಕಾಗದ ಬರೆದನು. ಕುದುರೆಗಳು ದಣಿದಿವೆಯೆಂಬ ನೆವ ಬಂದಾಗ ಕುಟುಕುವ ಉತ್ತರವನ್ನೂ ಕಳುಹಿಸಿದನು, ಅವನೂ ಮನುಷ್ಯನೇ. ಕಡೆಗೆ ನವೆಂಬರ 5ರಲ್ಲಿ ಅವನನ್ನು ಅಧಿಕಾರದಿಂದ ತೆಗೆಯುವ ಆಜ್ಞೆ ಹೊರಡಿಸಿದನು.

ಇನ್ನೊಬ್ಬನ ಸಂಗತಿ ಇದಕ್ಕೆ ವಿರುದ್ಧವಾದದ್ದು. ಎಡ್ವಿನ್ ಸ್ಟಾಂಟನ್ ಎಂಬ ಹೆಸರುಗೊಂಡ ವಕೀಲನು 1855ರಲ್ಲಿ ಒಂದು ಮೊಕದ್ದಮೆಯಲ್ಲಿ ಲಿಂಕನನ ಪಕ್ಷದವನೇ ಆಗಿದ್ದರೂ, ಅವನನ್ನು ಹಳ್ಳಿಗನೆಂದು ತುಚ್ಛವಾಗಿ ನಡಿಸಿದನು. ಅದೇ ಸ್ಟಾಂಟನನನ್ನು ಲಿಂಕನನು 1862ರ ಜನವರಿಯಲ್ಲಿ ಯುದ್ಧಮಂತ್ರಿಯಾಗಿ ನೇಮಿಸಿದನು. ಅವನ ಮಾತು ಮುಂದೆಯೂ ಒರಟಾಗಿಯೇ ಇತ್ತು, ಕೆಲಸವಾದರೋ ಚೊಕ್ಕಟವಾಗಿತ್ತು. ಲಿಂಕನನು ಸಾಯುವ ತನಕ ಅವನನ್ನು ಬಿಡಲಿಲ್ಲ.

ಇಬ್ಬರೂ ಅವನನ್ನು ಅವಮಾನಪಡಿಸಿದವರೇ. ಆದರೂ ಒಬ್ಬನನ್ನು ಇಟ್ಟುಕೊಂಡದ್ದೂ ಒಬ್ಬನನ್ನು ತೆಗೆದದ್ದೂ ಅವಮಾನದ ಲೆಕ್ಕದಿಂದಲ್ಲ. ನನಗೆ ತಗಲಿದ ಮಾತನ್ನು ತಾಳುವದು ನನ್ನ ಸ್ವಾತಂತ್ರ್ಯಕ್ಕೆ ಸೇರಿದ್ದು. ಬೇರೊಬ್ಬನಿಗೆ ಆಗುವ ನಷ್ಟವನ್ನು ಅವನ ಪರವಾಗಿ ತಾಳುವದಕ್ಕೆ ನನಗೆ ಅಧಿಕಾರ ಕೊಟ್ಟವರಾರು?

ಪ್ರಿಯ ವಾಚಕರೇ, ನಾವು ಮಾಡುವದು ಸಾಮಾನ್ಯವಾಗಿ ಇದಕ್ಕೆ ತಲೆಕೆಳಗು. ಹಂಚಿನ ಕಾರ್ಖಾನೆಯಲ್ಲಿ ಮೇಸ್ತ್ರಿಯು ನಮ್ಮನ್ನು ನಾಲ್ವರೆದುರಿಗೆ ಗದರಿಸಿದರೆ ವರುಷಗಟ್ಟಳೆ ಮರೆಯೆವು. ಅದೇ ಮೇಸ್ತ್ರಿಯು ಓದುಬಾರದ ವಿಧವೆಯ ಹಾಜರಿಯಲ್ಲಿ ಒಂದು ದಿವಸವನ್ನು ಬಿಟ್ಟು ಕೂಲಿ ಕೊಟ್ಟರೆ, ನಮಗೇಕೆ ಎಂದು ತಲೆ ತಗ್ಗಿಸುವೆವು, ಮತ್ತು ಅದನ್ನೇ ತಾಳ್ಮೆಯೆಂದು ಕರೆಯುವೆವು. ಅದು ತಾಳ್ಮೆಯಲ್ಲ, ಹೆದರಿಕೆ.

ಲಿಂಕನನಿಗೆ ಅಧಿಕಾರವಿತ್ತು, ಕೂಲಿಯವನಿಗೆ ಏನಿದೆ ಎಂದು ಕೇಳುವಿರೋ? ಮಾತು ನ್ಯಾಯವಾದದ್ದೇ, ಕೆಲಸ ಹೋದರೆ ಒಲೆ ಉರಿಯದು. ಆದರೂ ಮೊದಲು ಮೇಸ್ತ್ರಿಯನ್ನು ಒಬ್ಬನನ್ನೇ ಕಂಡು, ಅವನ ಗುಣವನ್ನು ಎತ್ತದೆ, ಬಿಟ್ಟುಹೋದ ದಿವಸದ ಲೆಕ್ಕವನ್ನು ಮಾತ್ರ ಕೇಳಬಹುದು. ಅವನು ಕೇಳದಿದ್ದರೆ ಇಬ್ಬರು ಮೂವರು ಕೂಡಿ ಯಜಮಾನನ ಬಳಿಗೆ ಹೋಗಬಹುದು. ಒಬ್ಬನ ಬಾಯನ್ನು ಮುಚ್ಚಿಸುವದು ಸುಲಭ, ಮೂವರದು ಅಷ್ಟು ಸುಲಭವಲ್ಲ.

ಆಗಲೂ ಒಂದು ಎಚ್ಚರಿಕೆ ಬೇಕು. ನಮ್ಮ ಹಳೇ ಸಿಟ್ಟು ವಿಧವೆಯ ಸೆರಗನ್ನು ಹಿಡಿದುಕೊಂಡು ಹೊರಗೆ ಬರಬಹುದು. ಆದಕಾರಣ ಹೊರಡುವ ಮೊದಲು ನಮ್ಮನ್ನು ನಾವೇ ಹೀಗೆ ಕೇಳಿಕೊಳ್ಳೋಣ: ಆಕೆಯ ಒಂದು ದಿವಸದ ಕೂಲಿ ಕೈಗೆ ಸೇರಿ, ಮೇಸ್ತ್ರಿಗೆ ಯಾವ ಅವಮಾನವೂ ಆಗದೆ ಹೋದರೆ ನನಗೆ ಸಂತೋಷವಾದೀತೋ? ಆದೀತೆಂದು ಮನಸ್ಸು ಹೇಳಿದರೆ ಹೆದರದೆ ಹೋಗೋಣ.