ಗಿಣ್ಣದ ಹಾಲು: ಮೀಸಲೇ, ಎಂಜಲೇ?

ಹಸು ಈದ ಮನೆಯಲ್ಲಿ ಗಿಣ್ಣ ಮಾಡಿ ನೆರೆಹೊರೆಗೆ ಹಂಚುವುದು ಕನ್ನಡನಾಡಿನ ಒಕ್ಕಲು ಮನೆತನಗಳಲ್ಲಿ ಬಹುಕಾಲದಿಂದ ನಡೆದುಬಂದ ಪದ್ಧತಿ. ಗಿಣ್ಣದ ಹಾಲನ್ನು ಮಾರಬಾರದು, ಕೇಳಿ ಬಂದವರಿಗೆ ಇಲ್ಲವೆನ್ನಬಾರದು ಎಂಬುದು ಹಿರಿಯರ ಮಾತು. ಈಗ ಪಟ್ಟಣಗಳಲ್ಲಿ ಅದೂ ಮಾರಾಟದ ವಸ್ತುವಾಗಿದೆ. ಆ ವಿಚಾರ ಇಲ್ಲಿ ಬೇಡ. ಮಾರದೆ, ಲೋಭಪಡದೆ, ಭಕ್ತಿಯಿಂದಲೂ ಔದಾರ್ಯದಿಂದಲೂ ಗಿಣ್ಣ ಮಾಡುವ ಸದ್ಗೃಹಸ್ಥರ ಮನೆಯಲ್ಲಿಯೇ ಒಂದು ಧರ್ಮಸೂಕ್ಷ್ಮವು ತಲೆಯೆತ್ತುತ್ತದೆ. ವಿಚಾರಿಸಬೇಕಾದುದು ಅದು.

ತುಮಕೂರು ಸೀಮೆಯ ಒಂದು ಮನೆಯನ್ನು ಭಾವಿಸಬಹುದು. ಎರಡೆಕರೆ ರಾಗಿಯ ಹೊಲ, ಬದುವಿನ ಮೇಲೆ ನಾಲ್ಕು ತೆಂಗು, ಕೊಟ್ಟಿಗೆಯಲ್ಲಿ ಒಂದು ಹಸು. ಬೆಳಗಿನ ಜಾವ ಹಸು ಈದಿದೆ, ಹೋರಿಗರು. ಮನೆಯ ಹಿರಿಯಾಕೆ ಮಿಂದು, ವಿಭೂತಿ ಧರಿಸಿ, ಚೊಂಬು ಹಿಡಿದು ಕೊಟ್ಟಿಗೆಗೆ ಬಂದಿದ್ದಾಳೆ. ಮೊದಲ ಹಾಲು ಲಿಂಗಪೂಜೆಗೆ ಮೀಸಲಾಗಬೇಕೆಂಬುದು ಆಕೆಯ ಸಂಕಲ್ಪ. ಪಕ್ಕದ ಮನೆಯಿಂದ ಆಗಲೇ ಒಂದು ಪಾತ್ರೆಯೂ ಬಂದು ಜಗಲಿಯ ಮೇಲೆ ಕುಳಿತಿದೆ. ಸೊಸೆ ಹೇಳುತ್ತಾಳೆ: “ಅತ್ತೆಯವರೇ, ಕರು ಇನ್ನೂ ಮೊಲೆಗೆ ಬಾಯಿ ಹಾಕಿಲ್ಲ. ಅದು ಕುಡಿಯಲಿ, ಆಮೇಲೆ ಕರೆಯೋಣ.” ಹಿರಿಯಾಕೆಯ ಉತ್ತರ: “ಅದು ಕುಡಿದ ಮೇಲೆ ಎಂಜಲಾಯಿತಲ್ಲವೇನಮ್ಮ? ಎಂಜಲನ್ನು ಲಿಂಗಕ್ಕೆ ಹೇಗೆ ಅರ್ಪಿಸಲಿ? ಕಸವೂ ಬಿದ್ದಿಲ್ಲ; ಬೀಳುವ ತನಕ ಕರುವನ್ನು ಬಿಡಬಾರದು.”

ಇಬ್ಬರಲ್ಲಿ ಯಾರೂ ಸ್ವಾರ್ಥಿಗಳಲ್ಲ ಎಂಬುದೇ ಇಲ್ಲಿನ ತೊಡಕು. ಹಿರಿಯಾಕೆ ತನ್ನ ನಾಲಗೆಗಾಗಿ ಹಾಲನ್ನು ಕೇಳುತ್ತಿಲ್ಲ. ಉತ್ತಮವಾದುದು, ಯಾರೂ ಮುಟ್ಟದುದು ದೇವರಿಗೆ ಸಲ್ಲಬೇಕೆಂಬ ಶ್ರದ್ಧೆ ಆಕೆಯದು.

ಈ ಶಂಕೆ ಹೊಸದಲ್ಲ. ಬಸವಣ್ಣನವರ ಒಂದು ವಚನ ಇದನ್ನೇ ಎತ್ತಿಕೊಂಡಿದೆ. ಹಾಲಿಗೆ ಕರು ಮೊದಲು ಬಾಯಿಟ್ಟಿದೆ, ನೀರಿನಲ್ಲಿ ಮೀನು ಆಡಿದೆ, ಹೂವನ್ನು ದುಂಬಿ ಸವಿದಿದೆ. ಹೀಗಿರಲು ಪೂಜೆಗೆ ಯಾರ ಬಾಯೂ ಸೋಂಕದ ದ್ರವ್ಯವನ್ನು ಎಲ್ಲಿಂದ ತರುವುದು ಎಂಬುದು ಅದರ ಪ್ರಶ್ನೆ. ಮೀಸಲು ಎಂಬ ಅಭಿಮಾನಕ್ಕೆ ಅಲ್ಲಿ ಎಡೆಯಿಲ್ಲ. ಭಕ್ತನ ಕೈಗೆ ಬರುವುದೆಲ್ಲ ಇನ್ನೊಂದು ಜೀವ ಉಂಡು ಉಳಿಸಿದುದು. ಅದನ್ನು ನಮ್ರನಾಗಿ ಅರ್ಪಿಸುವುದೇ ಆತನಿಗೆ ಉಳಿದ ದಾರಿ.

ಆದರೆ ಈ ತಾತ್ಪರ್ಯವನ್ನು ಅರ್ಧಕ್ಕೆ ನಿಲ್ಲಿಸುವವರಿದ್ದಾರೆ. ಎಲ್ಲವೂ ಎಂಜಲೇ ಆದ ಮೇಲೆ ಮೊದಲು ಕರೆದರೇನು, ಕಡೆಗೆ ಕರೆದರೇನು ಎಂದು ಅವರು ಕೇಳುತ್ತಾರೆ. ಇದು ಚಮತ್ಕಾರದ ಮಾತೇ ಹೊರತು ವಿಚಾರವಲ್ಲ. ಎಂಜಲು ಎಂಬ ಶಬ್ದದಲ್ಲಿಯೇ ಒಬ್ಬನು ಮೊದಲು ಉಂಡಿದ್ದಾನೆ ಎಂಬ ಅರ್ಥವು ಅಡಗಿದೆ. ಉಣ್ಣದವನ ಮುಂದಿನಿಂದ ಎತ್ತಿಕೊಂಡ ಎಲೆ ಎಂಜಲೆಲೆಯಾಗದು. ಅದು ಕಸಿದುಕೊಂಡ ಎಲೆ. ಕರುವನ್ನು ಕಂಬಕ್ಕೆ ಬಿಗಿದು ಕರೆದ ಹಾಲು ಎಂಜಲಿನ ದೋಷದಿಂದ ಪಾರಾಯಿತು ನಿಜ, ಆದರೆ ಅದಕ್ಕಿಂತ ದೊಡ್ಡ ದೋಷವೊಂದನ್ನು ಅಂಟಿಸಿಕೊಂಡಿತು. ಹೀಗೆ ನೋಡಿದರೆ ಹಾಲಿನ ಮಟ್ಟಿಗೆ ಎಂಜಲೇ ಶುದ್ಧಿ, ಮೀಸಲೇ ಮೈಲಿಗೆ.

ಗಿಣ್ಣದ ಹಾಲಿನಲ್ಲಿ ಈ ಮಾತು ಉಪಮೆಯಲ್ಲ, ಜೀವಮರಣದ ಸಂಗತಿ. ಮನುಷ್ಯ ಶಿಶುವಿಗೆ ತಾಯಿಯ ಗರ್ಭದಲ್ಲಿಯೇ ರೋಗನಿರೋಧಕ ಶಕ್ತಿ ಸ್ವಲ್ಪಮಟ್ಟಿಗೆ ದೊರೆಯುತ್ತದೆ. ಕರುವಿಗೆ ಆ ಭಾಗ್ಯವಿಲ್ಲ. ಹಸುವಿನ ಮಾಸು ಅದನ್ನು ದಾಟಗೊಡುವುದಿಲ್ಲ. ಆದ್ದರಿಂದ ಪ್ರಕೃತಿಯು ಆ ರಕ್ಷಣೆಯನ್ನೆಲ್ಲ ಮೊದಲ ಹಾಲಿನಲ್ಲಿ ತುಂಬಿಟ್ಟಿದೆ. ಹುಟ್ಟಿದ ಕೆಲವು ಗಂಟೆಗಳವರೆಗೆ ಮಾತ್ರ ಕರುವಿನ ಕರುಳು ಅದನ್ನು ಹಾಗೆಯೇ ರಕ್ತಕ್ಕೆ ಹೀರಿಕೊಳ್ಳಬಲ್ಲದು. ಸುಮಾರು 24 ಗಂಟೆಗಳಲ್ಲಿ ಆ ಬಾಗಿಲು ಮುಚ್ಚುತ್ತದೆ. ಮೊದಲ ದಿನ ಕರುವಿನ ತೂಕದ ಹತ್ತರಲ್ಲೊಂದು ಪಾಲಿನಷ್ಟು ಹಾಲು ಅದಕ್ಕೆ ಸಲ್ಲಬೇಕೆಂದು ಪಶುವೈದ್ಯರು ಹೇಳುತ್ತಾರೆ. 20 ಕಿಲೋ ತೂಗುವ ಕರುವಿಗೆ 2 ಲೀಟರು. ಅದರಲ್ಲಿಯೂ ಅರ್ಧದಷ್ಟು ಹುಟ್ಟಿದ ಎರಡು ಗಂಟೆಯೊಳಗೆ ಸಂದರೆ ಒಳ್ಳೆಯದು. ಕಸ ಬೀಳುವುದಕ್ಕೆ ಹತ್ತು ಹನ್ನೆರಡು ಗಂಟೆ ಹಿಡಿದರೂ ಹಿಡಿಯಬಹುದು. ಅದನ್ನು ಕಾಯುತ್ತ ಕುಳಿತರೆ ಕರುವಿನ ಪಾಲಿನ ಹೊತ್ತು ಕಳೆದುಹೋಗುತ್ತದೆ. ವಾಸ್ತವವಾಗಿ ಕರು ಮೊಲೆಯುಣ್ಣುವುದರಿಂದಲೇ ಕಸ ಬೀಳುವುದಕ್ಕೆ ಸಹಾಯವಾಗುತ್ತದೆ. ಹಿರಿಯರ ಮಾತಿನಲ್ಲಿ ಗೌರವವಿರಬೇಕು. ಆದರೆ ಹಿರಿಯರೂ ಹಸುವನ್ನು ನೋಡಿಯೇ ಕಲಿತವರು.

ಹಾಲು ಗಟ್ಟಿಯಾಗುವ ಬಗೆಯಲ್ಲಿಯೂ ವಿಚಾರಕ್ಕೆ ಆಸ್ಪದವಿದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 1129ರ ಸುಮಾರಿನಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ, ಹುಳಿ ಬೆರೆಸಿ ಒಡೆಸಿದ ಹಾಲಿನ ಗಟ್ಟಿಯಿಂದ ಕರಿದ ಭಕ್ಷ್ಯ ಮಾಡುವ ಕ್ರಮ ಬಂದಿದೆ. ಗಿಣ್ಣಕ್ಕೆ ಹುಳಿಯೂ ಬೇಡ. ಕರುವಿನ ರಕ್ಷಣೆಗಾಗಿ ಅದರಲ್ಲಿ ತುಂಬಿರುವ ಸತ್ತ್ವವೇ ಬಿಸಿ ತಾಗಿದೊಡನೆ ಹೆಪ್ಪುಗಟ್ಟುತ್ತದೆ. ಬೆಲ್ಲ ಏಲಕ್ಕಿ ಬೆರೆತು ಹಬೆಯಲ್ಲಿ ಬೆಂದ ಗಟ್ಟಿ ಗಿಣ್ಣವನ್ನು ಹೊಗಳುವ ನಾಲಗೆ ಹೊಗಳುತ್ತಿರುವುದು ಆ ಸತ್ತ್ವವನ್ನೇ. ಇನ್ನು ಪಾಶ್ಚಾತ್ಯರ ಗಿಣ್ಣು, ಎಂದರೆ ಚೀಸು. ಎಳಗರುವಿನ ನಾಲ್ಕನೆಯ ಜಠರದಲ್ಲಿ ತಾಯಿಯ ಹಾಲನ್ನು ಹೆಪ್ಪುಗಟ್ಟಿಸುವ ಒಂದು ರಸವಿದೆ. ಯೂರೋಪಿನ ಒಕ್ಕಲಿಗರು ಶತಮಾನಗಳಿಂದ ಆ ಜಠರವನ್ನೇ ಒಣಗಿಸಿ, ನೆನೆಸಿ, ಆ ರಸವನ್ನು ಹಾಲಿಗೆ ಬೆರೆಸಿದರು. ಪೋರ್ತುಗಾಲಿನ ಕೆಲವೆಡೆ ಕುರಿಹಾಲಿಗೆ ಒಂದು ಬಗೆಯ ಮುಳ್ಳುಗಿಡದ ಹೂವನ್ನು ಬಳಸುವುದೂ ಉಂಟು. 1990ರಲ್ಲಿ ಅಮೆರಿಕವು ಸೂಕ್ಷ್ಮಜೀವಿಗಳಿಂದ ತಯಾರಿಸಿದ ಅದೇ ರಸಕ್ಕೆ ಅನುಮತಿ ಕೊಟ್ಟಿತು. ಇಂದು ಪಟ್ಟಣದ ಭಕ್ತರು ಚೀಸಿನ ಪೊಟ್ಟಣದ ಮೇಲೆ ಹಸಿರು ಚುಕ್ಕೆ ಇದೆಯೇ ಎಂದು ತಿರುಗಿಸಿ ನೋಡುತ್ತಾರೆ. ನೋಡತಕ್ಕದ್ದೇ. ಆದರೆ ಕರುವಿನ ಜಠರವನ್ನು ಕೊಯ್ಯುವುದು ಹಿಂಸೆಯೆಂದು ನಡುಗುವ ಮನಸ್ಸು, ಅದೇ ಜಠರವನ್ನು ಬರಿದಾಗಿಡುವುದನ್ನು ಹಿಂಸೆಯೆಂದು ಕಾಣದಿದ್ದರೆ ಅದು ಕೈಗೆ ರಕ್ತ ಹತ್ತಲಿಲ್ಲವೆಂಬ ಸಮಾಧಾನವಷ್ಟೆ.

ಜಗಲಿಯ ಮೇಲಿನ ಪಾತ್ರೆಯ ಮಾತೂ ಉಳಿದಿದೆ. ಹಂಚಿ ಉಣ್ಣುವುದು ಶರಣರು ತೋರಿದ ದಾರಿಯಲ್ಲವೇ ಎಂದು ಕೇಳಬಹುದು. ಹೌದು. ಆದರೆ ದಾಸೋಹವು ತನ್ನ ಕಾಯಕದಿಂದ ಬಂದುದರಲ್ಲಿ ನಡೆಯತಕ್ಕದ್ದು. ಈದ ಮೊದಲ ದಿನಗಳ ಹಾಲನ್ನು ಡೇರಿಯವರು ತೆಗೆದುಕೊಳ್ಳುವುದಿಲ್ಲ, ಕಾಸಿದರೆ ಒಡೆಯುತ್ತದೆ. ಬೆಲೆಯಿಲ್ಲದ ಆ ದಿನಗಳಲ್ಲಿ ಕೈ ಧಾರಾಳವಾಗಿರುತ್ತದೆ. ಡೇರಿಗೆ ಹಾಕಲು ತೊಡಗಿದ ದಿನದಿಂದ ಅದೇ ನೆರೆಯವರಿಗೆ ಮಜ್ಜಿಗೆಗೂ ಹಾಲು ಉಳಿಯದಿದ್ದರೆ, ಮೊದಲಿನ ಧಾರಾಳಕ್ಕೆ ಬೆಲೆ ತೆತ್ತವರು ಯಾರು? ಮನೆಯವರಲ್ಲ, ಕರು.

ಅದೂ ಹೋರಿಗರು. ಹೆಣ್ಗರುವಾದರೆ ನಾಳಿನ ಹಸುವೆಂದು ಯಾರೂ ಹೇಳದೆಯೇ ಕುಡಿಸುತ್ತಾರೆ. ಅದು ದಯೆಯೂ ಇರಬಹುದು, ಲೆಕ್ಕವೂ ಇರಬಹುದು. ಉಳುವುದಕ್ಕೆ ಟ್ರಾಕ್ಟರು ಬಂದ ಮೇಲೆ ಹೋರಿಗರುವಿನಿಂದ ಬರತಕ್ಕದ್ದು ಬಹಳವಿಲ್ಲ. ಬಸವಣ್ಣನವರು ಧರ್ಮದ ಬೇರನ್ನು ದಯೆಯಲ್ಲಿ ಕಂಡವರು. ಆ ದಯೆಯು ಒಕ್ಕಲು ಮನೆಯಲ್ಲಿ ಪರೀಕ್ಷೆಗೆ ಬರುವುದು ಏನನ್ನೂ ಹಿಂದಿರುಗಿಸಲಾರದ ಈ ಪ್ರಾಣಿಯ ಮುಂದೆ.

ಇಷ್ಟರಿಂದ ಗಿಣ್ಣವೇ ವರ್ಜ್ಯವೆಂದು ಹೇಳಿದಂತಾಗುವುದಿಲ್ಲ. ಮಿಶ್ರತಳಿಯ ಹಸುಗಳಲ್ಲಿ ಕರು ಕುಡಿದು ಮಿಗುವಷ್ಟು ಮೊದಲ ಹಾಲು ಇರುವುದುಂಟು. ಹೆಚ್ಚು ಹಾಲಿಲ್ಲದ ನಾಟಿ ಹಸುವಿನಲ್ಲಿ ಎರಡನೆಯ ಮೂರನೆಯ ದಿನದವರೆಗೆ ತಾಳಬೇಕಾದೀತು. ಮೊದಲ ದಿನದ ಹಾಲಿಗೆ ಬೇರೆ ಹಾಲನ್ನು ಧಾರಾಳವಾಗಿ ಬೆರೆಸಿದರೂ ಗಿಣ್ಣ ಕತ್ತರಿಸುವಷ್ಟು ಗಟ್ಟಿಯಾಗುತ್ತದೆ. ಮೂರನೆಯ ದಿನದ್ದು ಬೆರಕೆಯಿಲ್ಲದೆಯೂ ಸಡಿಲವಾಗಿಯೇ ನಿಲ್ಲುತ್ತದೆ. ಆ ಮನೆಯಲ್ಲಿ ಮೂರನೆಯ ಸಂಜೆ ಪಕ್ಕದ ಮನೆಯ ಪಾತ್ರೆ ತುಂಬಿ ಹಿಂದಿರುಗಿದಾಗ, ಈ ಸಲ ಗಿಣ್ಣ ಚಮಚದಲ್ಲಿ ತಿನ್ನುವಂತಾಗಿದೆಯಲ್ಲ ಎಂದು ನೆರೆಯಾಕೆ ಕೇಳಿದರೆ, ಹಿರಿಯಾಕೆ ಕೊಟ್ಟಿಗೆಯ ಕಡೆ ಕೈ ತೋರಿಸಿ, “ಗಟ್ಟಿಯದನ್ನೆಲ್ಲ ಅವನು ಕುಡಿದ” ಎನ್ನಬಹುದು.