ಹೆಚ್ಚು ಜನಕ್ಕೆ ಒಳ್ಳೆಯದು ಎಂಬ ಲೆಕ್ಕ

ಒಳ್ಳೆಯ ಕೆಲಸವನ್ನು ತಲೆ ಎಣಿಸಿ ಅಳೆಯಬಹುದಾ? ಈ ಪ್ರಶ್ನೆ ನನ್ನ ತಲೆಗೆ ಹೊಕ್ಕಿದ್ದು ಚಿಕ್ಕಮ್ಮನ ಮಗಳಿಂದ. ಮಂಗಳೂರಿನಲ್ಲಿ ಬಿ.ಎಸ್ಸಿ. ನರ್ಸಿಂಗ್ ಓದಿದ ಅವಳು ಈಗ ಅಮೆರಿಕದ ಟೆಕ್ಸಾಸ್‌ನಲ್ಲಿ ಐಸಿಯು ನರ್ಸ್. ಮಾಸ್ಟರ್ಸ್ ಮಾಡೋದು ಖಚಿತ. ಆದರೆ ನರ್ಸ್ ಪ್ರಾಕ್ಟಿಷನರ್ ಆಗಬೇಕಾ, ನರ್ಸಿಂಗ್ ಕಾಲೇಜಿನಲ್ಲಿ ಪಾಠ ಹೇಳಬೇಕಾ ಅನ್ನೋದು ತೀರ್ಮಾನವಾಗಿಲ್ಲ. 'ಯಾವುದರಿಂದ ಜಾಸ್ತಿ ಜನಕ್ಕೆ ಉಪಯೋಗ, ಅಣ್ಣಾ?' ಅಂತ ಕೇಳಿದಳು.

ನರ್ಸ್ ಪ್ರಾಕ್ಟಿಷನರ್ ನಮ್ಮಲ್ಲಿ ಹೆಚ್ಚಿನವರು ಕೇಳಿರದ ಹುದ್ದೆ. 1965ರಲ್ಲಿ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಲೊರೆಟ್ಟಾ ಫೋರ್ಡ್ ಎಂಬ ನರ್ಸ್ ಮತ್ತು ಹೆನ್ರಿ ಸಿಲ್ವರ್ ಎಂಬ ಮಕ್ಕಳ ಡಾಕ್ಟರ್ ಸೇರಿ ಇದರ ಮೊದಲ ತರಬೇತಿ ಶುರು ಮಾಡಿದರು. ಇವರು ರೋಗಿಯನ್ನು ಪರೀಕ್ಷಿಸಿ, ಕಾಯಿಲೆ ಗುರುತಿಸಿ, ಔಷಧ ಬರೆದುಕೊಡುತ್ತಾರೆ. ಹಲವು ರಾಜ್ಯಗಳಲ್ಲಿ ಸ್ವತಂತ್ರವಾಗಿಯೇ ಕೆಲಸ ಮಾಡಬಹುದು. ಟೆಕ್ಸಾಸ್‌ನಲ್ಲಿ ಔಷಧ ಬರೆಯಲು ಡಾಕ್ಟರ್ ಒಬ್ಬರ ಜೊತೆ ಲಿಖಿತ ಒಪ್ಪಂದ ಬೇಕು. 2023ರ ಸರ್ಕಾರಿ ಅಂಕಿಅಂಶದ ಪ್ರಕಾರ ಇವರಲ್ಲಿ ಅರ್ಧದಷ್ಟು ಮಂದಿಗೆ ವರ್ಷಕ್ಕೆ 1.26 ಲಕ್ಷ ಡಾಲರ್‌ಗಿಂತ ಹೆಚ್ಚು ಸಂಬಳ. ಪಾಠ ಹೇಳುವವರಿಗೆ ಸಿಗೋದು ಸಾಮಾನ್ಯವಾಗಿ ಇದಕ್ಕಿಂತ ಸಾಕಷ್ಟು ಕಡಿಮೆ. ಹೀಗಾಗಿ ಅಲ್ಲಿ ಅಧ್ಯಾಪಕರ ಕೊರತೆ. ಅರ್ಹತೆ ಇರುವ ಸಾವಿರಾರು ಅರ್ಜಿದಾರರಿಗೆ ಪ್ರತಿವರ್ಷ ಸೀಟು ಸಿಗದಿರುವುದಕ್ಕೆ ಇದೂ ಒಂದು ಕಾರಣ.

ನಮ್ಮಂಥ ಐಟಿ ಜನರನ್ನು ಕೇಳಿದರೆ ಉತ್ತರ ರೆಡಿ ಇರುತ್ತೆ: 'ಟೀಚಿಂಗೇ ಸ್ಕೇಲ್ ಆಗೋದು. ಒಬ್ಬಳು ನೂರು ಜನರನ್ನು ತಯಾರು ಮಾಡಿದರೆ, ಆ ನೂರು ಜನ ಲಕ್ಷ ರೋಗಿಗಳನ್ನು ನೋಡ್ತಾರೆ.' ಕೇಳೋಕೆ ಚೆನ್ನಾಗಿದೆ. ಆದರೆ ಕೋಡ್ ಒಮ್ಮೆ ಬರೆದರೆ ನೂರು ಸರ್ವರ್‌ಗಳಲ್ಲಿ ಅದೇ ಓಡುತ್ತೆ. ವಿದ್ಯಾರ್ಥಿಗಳು ಮೇಷ್ಟ್ರ ಕಾಪಿಗಳಲ್ಲ. ರಾತ್ರಿ ಮೂರು ಗಂಟೆಗೆ ಮಾನಿಟರ್ ಕೂಗಿದಾಗ ಎದ್ದು ಓಡುವವಳು ಆ ಹುಡುಗಿ. ಅವಳ ಒಳ್ಳೆಯತನವನ್ನೆಲ್ಲ ಗುರುವಿನ ಖಾತೆಗೆ ಜಮಾ ಮಾಡೋದು ಸರಿಯಲ್ಲ. ಹಾಗೆ ಮಾಡಿದರೆ ಅವಳ ತಪ್ಪುಗಳನ್ನೂ ಅದೇ ಖಾತೆಗೆ ಬರೆಯಬೇಕಾಗುತ್ತೆ.

ಹಾಗಂತ ಪಾಠ ಹೇಳೋದು ಸಣ್ಣ ಕೆಲಸ ಅಂತಲ್ಲ. ನಮ್ಮೂರಲ್ಲಿ ಜ್ವರ, ಹೆರಿಗೆ, ಚುಚ್ಚುಮದ್ದು ಎಲ್ಲಕ್ಕೂ ಮೊದಲು ನೆನಪಾಗುತ್ತಿದ್ದವರು ನರ್ಸಮ್ಮ. ಡಾಕ್ಟರ್ ಇದ್ದದ್ದು ಹೋಬಳಿಯಲ್ಲಿ. ನರ್ಸಮ್ಮನಿಗೆ ಕೆಲಸ ಕಲಿಸಿದವರು ಯಾರು ಅಂತ ಊರಲ್ಲಿ ಯಾರೂ ಕೇಳಲಿಲ್ಲ. ಮನೆಯ ಮೊದಲ ಕಾಯಿ, ಹಣ್ಣು ನರ್ಸಮ್ಮನ ಮನೆಗೇ ಹೋಗುತ್ತಿತ್ತು. ಕಲಿಸುವವರಿಗೆ ಇಂಥ ಕೃತಜ್ಞತೆ ತಲುಪೋದೇ ಇಲ್ಲ. ತಾನು ಕಲಿಸಿದ್ದು ಯಾರ ಜೀವ ಉಳಿಸಿತು ಅನ್ನೋದು ತಿಳಿಯದೆಯೇ ರಿಟೈರ್ ಆಗಬೇಕು. ನರ್ಸ್ ಪ್ರಾಕ್ಟಿಷನರ್‌ನ ಕಷ್ಟ ಇನ್ನೊಂದು ಥರ. ಇವತ್ತು ಬರೆದ ಔಷಧಕ್ಕೆ ಉತ್ತರ ಕೊಡಬೇಕಾದವಳು ತಾನೇ, ಎದುರಿಗೆ ಕೂತ ರೋಗಿಯ ಹೆಸರೂ ಗೊತ್ತು, ಮುಖವೂ ಗೊತ್ತು.

ಹಾಗಾಗಿ ಎಷ್ಟು ಜನಕ್ಕೆ ಅನ್ನೋದಕ್ಕಿಂತ, ಯಾವ ಥರದ ಹೊಣೆ ಹೊತ್ತು ದಿನವೂ ಮನೆಗೆ ಬರಬಲ್ಲೆ ಅನ್ನೋದು ಹೆಚ್ಚು ಪ್ರಾಮಾಣಿಕ ಪ್ರಶ್ನೆ ಅಂತ ನನಗನ್ನಿಸುತ್ತೆ. ಅವಳಿಗೆ ನಾನು ಕೇಳಿದ್ದು ಇಷ್ಟೇ: ಹೊಸದಾಗಿ ಸೇರಿದ ನರ್ಸ್ ತಡವರಿಸುವಾಗ ಪಕ್ಕದಲ್ಲಿ ಕೈಕಟ್ಟಿ ನಿಂತು ಕಾಯಬಲ್ಲೆಯಾ, ಇಲ್ಲ 'ಬಿಡು, ನಾನೇ ಮಾಡ್ತೀನಿ' ಅನ್ನಿಸುತ್ತಾ? ಕಾಯೋದರಲ್ಲಿ ಖುಷಿ ಇದ್ದರೆ ಮೇಷ್ಟ್ರಾಗಬಹುದು. ಕೈ ತುರಿಸುತ್ತಿದ್ದರೆ ರೋಗಿಯ ಪಕ್ಕವೇ ಅವಳ ಜಾಗ, ಅದರಲ್ಲಿ ಸ್ವಾರ್ಥವೇನಿಲ್ಲ.

ಇನ್ನೊಂದು ಮಾತು. ಅಧ್ಯಾಪಕರ ಕೊರತೆ ಇದೆ, ಆದ್ದರಿಂದ ಕಲಿಸೋದು ನಿನ್ನ ಧರ್ಮ ಅಂತ ಅವಳ ಮೇಲೆ ಹೇರೋದು ಅನ್ಯಾಯ. ಕಡಿಮೆ ಸಂಬಳ ಇಟ್ಟವರು ಸುಮ್ಮನಿದ್ದು, ಕೊರತೆ ತುಂಬುವ ಭಾರ ಮಾತ್ರ ಒಬ್ಬಳ ಆತ್ಮಸಾಕ್ಷಿಯ ಮೇಲೆ ಯಾಕೆ ಬೀಳಬೇಕು? ಕಡಿಮೆ ಸಂಬಳಕ್ಕೆ ಒಪ್ಪಿ ಕಲಿಸಲು ಹೋದರೆ ಅದು ಅವಳ ಔದಾರ್ಯ. ಹೋಗದಿದ್ದರೆ ಅವಳೇನೂ ಸಾಲ ಉಳಿಸಿಕೊಂಡಂತೆ ಅಲ್ಲ.